ಮಣ್ಣಿನ ಇಡ್ಲಿ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದಗಳು. ಪಿಎಚ್‌ಡಿಗೆ ಮಕ್ಕಳ ಸುಳ್ಳುಸುಳ್ಳೇ ಆಟವನ್ನೇ ಹಿಡಿದೆಯಂತೆ, ನಿಮ್ಮಪ್ಪ ಹೇಳಿದ. ನೀನೇ ಕರಟದಲ್ಲಿ ಮಣ್ಣಿನ ಇಡ್ಲಿ ಮಾಡಿ ಬಡಿಸುತ್ತಿದ್ದವಳು. ನಾನು ಬಾಯಿಗಿಡಲು ಹೋದರೆ "ಅಯ್ಯೋ, ಅದು ಮಣ್ಣು ಅತ್ತೆ!" ಎಂದು ಕೈ ಹಿಡಿಯುತ್ತಿದ್ದೆ. ಅದೇ ಗಳಿಗೆಯಲ್ಲಿ ಅದು ಇಡ್ಲಿಯೂ ಹೌದು, ಮಣ್ಣೂ ಹೌದು. 1987ರಲ್ಲಿ ಮನೋವಿಜ್ಞಾನಿ ಅಲನ್ ಲೆಸ್ಲಿ ಕೇಳಿದ್ದೂ ಇದನ್ನೇ: ಬಾಳೆಹಣ್ಣನ್ನು ಫೋನು ಮಾಡಿಕೊಂಡ ಮಗುವಿಗೆ ಎರಡರ ನಡುವೆ ಗೊಂದಲ ಯಾಕಾಗುವುದಿಲ್ಲ? ಇನ್ನೊಬ್ಬರ ಮನಸ್ಸನ್ನು ಅರಿಯುವ ಶಕ್ತಿಯ ಬೇರು ಇಲ್ಲಿದೆ ಎಂಬುದು ಅವರ ವಾದ.

ಚೆಂದದ ವಾದ. ಅದಕ್ಕೇ ನನಗೆ ಭಯ, ಚೆಂದದ್ದಕ್ಕೆ ನಾವು ಬೇಗ ಒಲಿದುಬಿಡುತ್ತೇವೆ.

ಸಾಮಾನುಗಳ ಜೊತೆ ಸುಮ್ಮನೆ ಆಡಲು ಬಿಟ್ಟರೆ ಮಕ್ಕಳು ಆಮೇಲೆ ಅವಕ್ಕೆ ಹೆಚ್ಚು ಉಪಯೋಗ ಹೇಳುತ್ತಾರೆ ಎಂದು 1973ರಲ್ಲಿ ಸಂಶೋಧಕರಾದ ಡಾನ್ಸ್ಕಿ, ಸಿಲ್ವರ್‌ಮನ್ ತೋರಿಸಿದರು. 1987ರಲ್ಲಿ ಸ್ಮಿತ್ ಮತ್ತು ವಿಟ್ನಿ ಅಂಥದೇ ಪ್ರಯೋಗ ಮಾಡುವಾಗ, ಯಾವ ಮಗು ಆಡಿದ ಗುಂಪಿನದು, ಯಾವುದು ಆಡದ ಗುಂಪಿನದು ಎಂದು ಪರೀಕ್ಷೆ ಮಾಡುವವರಿಗೇ ತಿಳಿಯದಂತೆ ನೋಡಿಕೊಂಡರು. ಆಟದ ಲಾಭ ಮಾಯ! 2013ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಏಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಜರಡಿ ಹಿಡಿದರು. ಈ ಆಟದಿಂದಲೇ ಬುದ್ಧಿ ಬೆಳೆಯುತ್ತದೆ ಎನ್ನುವಷ್ಟು ಗಟ್ಟಿ ಸಾಕ್ಷ್ಯ ಅವರಿಗೂ ಸಿಗಲಿಲ್ಲ.

ನನ್ನ ಎಂ.ಎಡ್. ಪ್ರಬಂಧದ ಕಥೆ ಯಾರಿಗೂ ಹೇಳಿಲ್ಲ. ಆಡಿಸಿದವಳೂ ನಾನೇ, ಅಂಕ ಹಾಕಿದವಳೂ ನಾನೇ. ಆಟದ ಗುಂಪಿನ ಹುಡುಗ ತಡವರಿಸಿದರೆ ಕಾದಿದ್ದೇನೆ, "ಇನ್ನೂ?" ಅಂದಿದ್ದೇನೆ, ಇನ್ನೊಂದು ಗುಂಪಿನವಳು ತಡವರಿಸಿದರೆ ಮುಂದಿನ ಪ್ರಶ್ನೆ. ಬೇಕೆಂದು ಮಾಡಿದ್ದಲ್ಲ. ಟೇಪು ಹಾಕಿ ಕೇಳಿದಾಗಲೇ ತಿಳಿದದ್ದು. ಅಷ್ಟರಲ್ಲಿ ಪ್ರಬಂಧ ಬೈಂಡಾಗಿ ಹೋಗಿತ್ತು.

ಅಂಗನವಾಡಿಗೆ ಹೋದರೆ ಮೊದಲ ವಾರ ಪೆನ್ನು ತೆಗೆಯಬೇಡ, ಸುಮ್ಮನೆ ಚಾಪೆಯ ಮೇಲೆ ಕೂತಿರು. ಪ್ಲಾಸ್ಟಿಕ್ ಅಡುಗೆ ಸೆಟ್ಟಂತೂ ಒಯ್ಯಲೇಬೇಡ. ನಿನಗೆ ಆಟ ಸಿಗುವುದಿಲ್ಲ, ಜಗಳ ಸಿಗುತ್ತದೆ. ಪ್ರತಿ ಮಗುವಿನ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ವಿಚಾರಿಸು. ದಿನವಿಡೀ ಮಾತಾಡಿಸುವ ಅಜ್ಜಿಯಿದ್ದರೆ ಆಟವೂ ಅವಳಿಂದ, ಮಾತೂ ಅವಳಿಂದ ಇರಬಹುದು. ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಟದಿಂದಲೇ ಮಾತು ಬಂತೆಂದು ಬರೆದುಬಿಟ್ಟೀಯ.

ಬೇಸಿಗೆಗೆ ಬಾ, ರೆಕಾರ್ಡಿಂಗುಗಳನ್ನು ತಾ. ನನ್ನ ಕಿವಿ ಇನ್ನೂ ಚುರುಕಾಗಿದೆ, ಅಂಕ ನಾನು ಹಾಕಿಕೊಡುತ್ತೇನೆ. ಯಾವ ಮಗು ಯಾವ ಗುಂಪಿನದೆಂದು ಮಾತ್ರ ನನ್ನ ಹತ್ತಿರ ಬಾಯಿ ಬಿಡಬೇಡ.

ನಿನ್ನ,
ಅತ್ತೆ