ಮಗಳಿಗೊಂದು ಪತ್ರ: ಅಳಿಯಂದಿರ ಸಹಿಗೆ ಕಾಯಬೇಡ

ಮಗಳೇ,

"ನಿನ್ನ ಆಶಾ ಕಾರ್ಯಕರ್ತೆ ಕ್ಲಾಸು ನನಗೆ ಬೇಡ" ಅಂತ ನೀನು ನಿನ್ನೆ ಫೋನ್ ಇಟ್ಟುಬಿಟ್ಟೆ. ಸರಿ, ಮಾತಾಡುವುದಿಲ್ಲ, ಬರೆಯುತ್ತೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ ಅಲ್ವಾ.

ಗರ್ಭ ತೆಗೆಸಲು ಗಂಡನ ಸಹಿ ಬೇಕು ಅಂತ ಆಸ್ಪತ್ರೆಯಲ್ಲಿ ಅಂದರಂತೆ, ಅಳಿಯಂದಿರು ದುಬೈಯಿಂದ ಬರುವವರೆಗೆ ಕಾಯುತ್ತೀಯಂತೆ. ಅದನ್ನು ಕೇಳಿದಾಗಿನಿಂದ ನನಗೆ ನಿನ್ನ ಚಿಕ್ಕಮ್ಮನದ್ದೇ ಯೋಚನೆ. ಅವಳ ಗರ್ಭಕೋಶ ತೆಗೆದದ್ದು ನಿನಗೆ ಗೊತ್ತು. ಯಾಕೆ ಅಂತ ಗೊತ್ತಿಲ್ಲ.

ಚಿಕ್ಕಪ್ಪ ರಜೆ ಮುಗಿಸಿ ಗಲ್ಫಿಗೆ ಹೋಗಿ ಆಗಿತ್ತು. ಇವಳ ಸೊಂಟದಲ್ಲಿ ಇನ್ನೂ ಹಾಲು ಕುಡಿಯುವ ಮಗು. ಮುಟ್ಟು ನಿಂತಿತು. ಆಸ್ಪತ್ರೆಯಲ್ಲಿ ಆಗಲೂ ಇದೇ ಮಾತು, ಗಂಡನ ಸಹಿ ತನ್ನಿ. ಪತ್ರ ಹಾಕಿದಳು. ದಿನಾ ಗೇಟಿನ ಹತ್ತಿರ ನಿಂತು ಪೋಸ್ಟ್‌ಮ್ಯಾನನ್ನು ಕಾಯುವುದು. "ಅಷ್ಟೇನು ಅರ್ಜೆಂಟು?" ಅಂತ ಅತ್ತೆ ಕೇಳಿದರೆ ಉತ್ತರ ಇಲ್ಲ. ಕೊನೆಗೆ ನೀಲಿ ಕಾಗದ ಬಂತು. ಊರಿನ ಮಳೆ, ಅಡಿಕೆಯ ರೇಟು ಎಲ್ಲ ವಿಚಾರಿಸಿ, ಕಡೆಯಲ್ಲಿ ಒಂದೇ ಸಾಲು: "ನಿನಗೆ ಸರಿ ಕಂಡಂತೆ ಮಾಡು." ಕೆಳಗೆ ಸಹಿ. ಅಷ್ಟರಲ್ಲಿ ಮೂರು ತಿಂಗಳು ದಾಟಿತ್ತು. ಇಲ್ಲಿ ಆಗುವುದಿಲ್ಲ ಅಂದರು. ಯಾರೋ ಕೊಟ್ಟ ಬೇರಿನ ಕಷಾಯ ಕುಡಿದಳು. ರಕ್ತ ನಿಲ್ಲಲಿಲ್ಲ. ಕಾಸರಗೋಡಿನ ಕುಂಬಳೆಯಿಂದ ಜೀಪಿನಲ್ಲಿ ಮಂಗಳೂರಿಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತಲಪಾಡಿ ದಾಟುವಾಗ ಹೇಳಿದಳು, "ಅಕ್ಕಾ, ಆ ಕಾಗದ ಸೆರಗಿನಲ್ಲಿ ಕಟ್ಟಿದ್ದೇನೆ. ಡಾಕ್ಟರಿಗೆ ತೋರಿಸು."

ಆ ಸಹಿ ಆಗಲೂ ಬೇಕಿರಲಿಲ್ಲ. 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು ಅಂತ 1971ರ ಗರ್ಭಪಾತದ ಕಾನೂನಿನಲ್ಲೇ ಇದೆ. ಆಶಾ ಟ್ರೈನಿಂಗಿನಲ್ಲಿ ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಿನಗೀಗ ಏಳು ವಾರ. ಒಂಬತ್ತು ವಾರದೊಳಗೆ ಮಾತ್ರೆಯಲ್ಲೇ ಆಗುತ್ತದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಕಾಂಡೋಮ್ ಕೈಕೊಟ್ಟಿತು ಅನ್ನುವುದು ಕಾನೂನು ಒಪ್ಪುವ ಕಾರಣವೇ. 2021ರ ತಿದ್ದುಪಡಿಯ ನಂತರ ಮದುವೆ ಆಗದವರಿಗೂ ಅದು ಸಲ್ಲುತ್ತದೆ. ನಿನ್ನ ಹೆಸರನ್ನು ಡಾಕ್ಟರು ಹೊರಗೆ ಹೇಳಿದರೆ ಅವರಿಗೆ ಶಿಕ್ಷೆ. ಆದರೆ ಮೆಡಿಕಲ್‌ನಿಂದ ಸುಮ್ನೆ ಮಾತ್ರೆ ತಂದು ನುಂಗಬೇಡ. ಗರ್ಭ ಟ್ಯೂಬಿನಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಆಮೇಲೆ ಗರ್ಭ ನಿಲ್ಲದಂತೆ ಅಂತರಾ ಇಂಜೆಕ್ಷನ್ ಇದೆ, ಮೂರು ತಿಂಗಳಿಗೊಮ್ಮೆ, ಸರಕಾರಿ ಆಸ್ಪತ್ರೆಯಲ್ಲಿ ಫ್ರೀ. ನೋಡು, ಕ್ಲಾಸು ಶುರುವಾಗಿಯೇ ಬಿಟ್ಟಿತು.

ಫಾರ್ಮ್ ಮಲಯಾಳದಲ್ಲಿತ್ತು, ಓದಲು ಬರದೆ ಹೂಂ ಅಂದು ಎದ್ದು ಬಂದೆ ಅಂದೆ. ಕನ್ನಡ ಮೀಡಿಯಂಗೆ ಹಾಕಿದವಳು ನಾನೇ, ಅದಕ್ಕೆ ಬೇಜಾರಿಲ್ಲ. ನಿನ್ನ ಅಕ್ಷರ ನೋಡಿದರೆ ಈಗಲೂ ಹೆಮ್ಮೆ. ಆದರೆ "ಇದರಲ್ಲಿ ಏನಿದೆ, ಓದಿ ಹೇಳಿ" ಅನ್ನಲು ನಾಚಿಕೆ ಯಾಕೆ? ಆ ಒಪ್ಪಿಗೆ ಫಾರ್ಮಿನಲ್ಲಿ ಸಹಿ ಹಾಕಬೇಕಾದವಳು ನೀನು.

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ, ಬೇರೆ ಆಸ್ಪತ್ರೆಗೆ ಹೋಗೋಣ. ಆಧಾರ್, ಸ್ಕ್ಯಾನಿಂಗ್ ರಿಪೋರ್ಟು ತೆಗೆದಿಡು. ಅಳಿಯಂದಿರಿಗೆ ಹೇಳುವುದು ನಿನಗೆ ಬಿಟ್ಟದ್ದು. ಹೇಳಿದರೆ ಒಳ್ಳೆಯದು, ಕೆಟ್ಟ ಹುಡುಗ ಅಲ್ಲ. ನಿನ್ನ ಅತ್ತೆ ಕೇಳಿದರೆ ಅಮ್ಮನ ಕಣ್ಣು ತೋರಿಸಲು ಹೋಗುವುದು ಅನ್ನು. ಕಣ್ಣು ನಿಜವಾಗಿಯೂ ತೋರಿಸಲಿಕ್ಕಿದೆ.

ನಿನ್ನ ಅಮ್ಮ