ಊಟದ ನಂತರದ ಶುಗರ್‌ಗೆ ಮಾರುವ ಪುಡಿಗಳು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ಏಕನಾಯಕ ಎಂಬ ಔಷಧೀಯ ಗಿಡದ ಬೇರು, ಹಿಪ್ಪುನೇರಳೆ ಎಲೆ, ಮಧುನಾಶಿನಿ, ಮೆಂತ್ಯ ಬೆರೆಸಿದ ಪುಡಿ-ಮಾತ್ರೆಗಳನ್ನು ಶುಗರ್ ಇರುವವರು ತಾವಾಗಿಯೇ ಕೊಂಡು ಸೇವಿಸುತ್ತಿದ್ದಾರೆ. ಇವೆಲ್ಲ ಬರೀ ಮೋಸ ಎನ್ನುವುದು ನಮ್ಮ ದೂರಲ್ಲ. ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ನಮ್ಮ ಆತಂಕವೂ ಅದೇ.

ಏಕನಾಯಕದಲ್ಲಿರುವ ಸಲಾಸಿನಾಲ್, ಹಿಪ್ಪುನೇರಳೆಯಲ್ಲಿರುವ ಡಿಎನ್‌ಜೆ ಎಂಬ ಸಕ್ರಿಯ ಅಂಶಗಳೆರಡೂ ಸಣ್ಣಕರುಳಿನಲ್ಲಿ ಪಿಷ್ಟ, ಸಕ್ಕರೆಗಳನ್ನು ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳನ್ನು ತಡೆಯುತ್ತವೆ. ವೈದ್ಯರು ಶುಗರ್‌ಗೆ ಕೊಡುವ ಅಕಾರ್ಬೋಸ್ ಮಾತ್ರೆಯ ಕೆಲಸವೂ ಇದೇ. ಆದ್ದರಿಂದ ಮೊದಲ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಉಂಡು ಕೈತೊಳೆದ ಮೇಲೆ ನುಂಗಿದರೆ ಹೆಚ್ಚೇನೂ ಸಿಗದು. ಒಡೆಯದೆ ಉಳಿದ ಪಿಷ್ಟ ದೊಡ್ಡಕರುಳಿನಲ್ಲಿ ಹುದುಗುವುದರಿಂದ ಹೊಟ್ಟೆಯುಬ್ಬರ, ಭೇದಿ ಆಗಬಹುದು.

ಅಪಾಯ ಇರುವುದು ಬೇರೆಡೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕನಾಯಕ, ಹಿಪ್ಪುನೇರಳೆಯ ಪುಡಿಯನ್ನೂ ಸೇರಿಸಿಕೊಂಡಾಗ ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ ಬಂದಾಗ ಮನೆಯವರು ಕೊಡುವುದು ಸಕ್ಕರೆ ನೀರು. ಆದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆದಿರುವುದರಿಂದ ಅದು ಬೇಗ ರಕ್ತ ಸೇರುವುದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು: 15 ಗ್ರಾಂ ನೀರಿನಲ್ಲಿ ಕಲಸಿ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಕಾರ್ಬೋಸ್‌ಗೆ ವೈದ್ಯರು ಹೇಳುವ ಈ ಎಚ್ಚರಿಕೆ ಈ ಪುಡಿಗಳ ಡಬ್ಬಿಯ ಮೇಲೂ ಕನ್ನಡದಲ್ಲಿ ಇರಲೇಬೇಕು.

ಪ್ರಮಾಣದ ವಿಷಯವೂ ಅಷ್ಟೇ. ‘ಏಕನಾಯಕ 500 ಮಿ.ಗ್ರಾಂ’ ಎಂದಷ್ಟೇ ಬರೆದರೆ ಅದು ಬೇರಿನ ಪುಡಿಯೋ, ಸಾಂದ್ರ ಸಾರವೋ ಗೊತ್ತಾಗದು. ಎರಡರ ಬಲ ಒಂದೇ ಅಲ್ಲ. ಹಿಪ್ಪುನೇರಳೆಯಲ್ಲಂತೂ ಕುಡಿ ಎಲೆಗೂ ಬಲಿತ ಎಲೆಗೂ ಡಿಎನ್‌ಜೆ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಸಸ್ಯದ ಯಾವ ಭಾಗ, ಪುಡಿಯೋ ಸಾರವೋ, ಒಂದು ಹೊತ್ತಿಗೆ ಸಕ್ರಿಯ ಅಂಶ ಎಷ್ಟು ಎಂಬುದನ್ನು ನಮೂದಿಸುವುದು ಕಡ್ಡಾಯವಾಗಲಿ.

ಕಲಬೆರಕೆ ಇನ್ನೂ ಗಂಭೀರ. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ಔಷಧಗಳು ಸಿಕ್ಕ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಊಟದ ಪಿಷ್ಟವನ್ನಷ್ಟೇ ತಡೆಯುವ ಮೂಲಿಕೆಯಿಂದ ಖಾಲಿ ಹೊಟ್ಟೆಯ ಶುಗರ್ ನಾಲ್ಕೇ ದಿನದಲ್ಲಿ ಧಡಕ್ಕನೆ ಇಳಿಯುವುದಿಲ್ಲ, ಇಳಿದರೆ ಅನುಮಾನಿಸಬೇಕು. ವಯಸ್ಸಾದವರಲ್ಲಿ, ಕಿಡ್ನಿ ದುರ್ಬಲವಾದವರಲ್ಲಿ ಗ್ಲಿಬೆನ್‌ಕ್ಲಮೈಡ್ ಇಳಿಸಿದ ಶುಗರ್ ಒಮ್ಮೆ ಏರಿಸಿದರೂ ಮತ್ತೆ ಕುಸಿಯಬಹುದು.

ಆಹಾರ ಸುರಕ್ಷತೆ, ಔಷಧ ನಿಯಂತ್ರಣ, ಆಯುಷ್ ಮೂರೂ ತಮ್ಮ ಅಧೀನದಲ್ಲೇ ಇವೆ. ಅಧಿಕಾರಿಗಳು ಅಂಗಡಿ, ಮೇಳ, ಆನ್‌ಲೈನ್ ಮಾರಾಟದಿಂದ ಮಾದರಿ ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಲಿ. ಸಿಕ್ಕಿಬಿದ್ದ ಬ್ಯಾಚ್ ಸಂಖ್ಯೆಗಳನ್ನು ಪ್ರಕಟಿಸಲಿ. ‘ಶುಗರ್ ಪೂರ್ತಿ ವಾಸಿ’ ಎಂಬ ಜಾಹೀರಾತಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಲ್ಲೇ ನಿಷೇಧವಿದೆ, ಅದನ್ನು ಜಾರಿ ಮಾಡಿದರೆ ಸಾಕು. ಗೃಹ ಆರೋಗ್ಯ ಯೋಜನೆಯ ಮನೆಮನೆ ತಪಾಸಣೆಯಲ್ಲಿ ‘ಮಾತ್ರೆಯ ಜೊತೆಗೆ ಬೇರೆ ಪುಡಿ, ಕಷಾಯ ತಗೋತೀರಾ?’ ಎಂಬ ಪ್ರಶ್ನೆಯನ್ನು ಸೇರಿಸಿ, ಹೌದೆಂದವರ ಡಬ್ಬಿಯ ಫೋಟೋವನ್ನು ವೈದ್ಯರಿಗೆ ಕಳಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇವೆ.

ಇಂತಿ,
ಮಧುಮೇಹ ಚಿಕಿತ್ಸೆ ಮತ್ತು ಔಷಧ ವಿತರಣೆಯಲ್ಲಿ ತೊಡಗಿರುವವರು