ಬ್ಲೋವರ್ ಇನ್ನು ಟೈಮರ್‌ನಲ್ಲಿ: ನಮ್ಮ ಹೋಂಸ್ಟೇ ಗ್ರಾಹಕರಿಗೆ

ನಮಸ್ಕಾರ. ಡಿಸೆಂಬರ್ 1ರಿಂದ ನಿಮ್ಮ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಬ್ಲೋವರ್‌ಗೆ, ಅಂದರೆ ಟ್ಯಾಂಕಿಗೆ ಗಾಳಿ ಊದುವ ಮಿಷನ್‌ಗೆ, ಟೈಮರ್ ಕೂರಿಸುತ್ತೇವೆ. ಆಮೇಲೆ ಅದನ್ನು ಕೈಯಲ್ಲಿ ಆಫ್ ಮಾಡಬೇಡಿ. ಸರ್ವಿಸ್‌ಗೂ ಸೋಮವಾರದ ಬದಲು ಗುರುವಾರ ಬರುತ್ತೇವೆ. ವರ್ಷದ ದರ ಅಷ್ಟೇ ಇರುತ್ತದೆ, ಟೈಮರ್ ಖರ್ಚು ನಮ್ಮದು.

ಚಿಕ್ಕಮಗಳೂರಿಗೆ ಜನ ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ. ಸೋಮವಾರ ರೂಮ್ ಖಾಲಿಯಾದ ಕೂಡಲೇ ಕರೆಂಟ್ ಬಿಲ್ ಉಳಿಯಲಿ ಅಂತ ಕೆಲವರು ಬ್ಲೋವರ್ ನಿಲ್ಲಿಸುತ್ತಾರೆ. ಬಿಲ್ಲಿನ ಚಿಂತೆ ನಮಗೂ ಗೊತ್ತು. ಆದರೆ ಕೊಳಚೆಯನ್ನು ತಿಂದು ನೀರು ತಿಳಿ ಮಾಡುವುದು ಏರೇಷನ್ ಟ್ಯಾಂಕಿನ (ಬ್ಲೋವರ್ ಗಾಳಿ ಊದುವ ಟ್ಯಾಂಕಿನ) ಬ್ಯಾಕ್ಟೀರಿಯಾ, ಅವಕ್ಕೆ ಗಾಳಿ ಬೇಕೇ ಬೇಕು. ದಿನಗಟ್ಟಲೆ ಗಾಳಿ ನಿಂತರೆ ಅವು ಸಾಯುತ್ತವೆ, ಗಾಳಿಯಿಲ್ಲದೆ ಬದುಕುವ ಬೇರೆ ಜಾತಿಯವು ಬೆಳೆಯುತ್ತವೆ, ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಶುಕ್ರವಾರ ಮತ್ತೆ ಸ್ವಿಚ್ ಹಾಕಿದರೆ ಸತ್ತವು ಎದ್ದು ಬರಲ್ಲ ಅಲ್ವಾ? ಹೊಸದಾಗಿ ಬೆಳೆಯಲು ವಾರಗಳೇ ಬೇಕು. ಅಷ್ಟರಲ್ಲಿ ಗೆಸ್ಟ್‌ಗಳು ಬಂದಿರುತ್ತಾರೆ, ಅರ್ಧಂಬರ್ಧ ಶುದ್ಧವಾದ ನೀರು ಹೊರಗೆ ಹೋಗಿರುತ್ತದೆ. ಅದಕ್ಕೆ ಕ್ಲೋರಿನ್ ಜಾಸ್ತಿ ಸುರಿದೂ ಪ್ರಯೋಜನವಿಲ್ಲ, ಕೊಳೆಯೇ ಕ್ಲೋರಿನ್ ನುಂಗುತ್ತದೆ.

ಟೈಮರ್ ಇದ್ದರೆ ಖಾಲಿ ದಿನಗಳಲ್ಲಿ ಬ್ಲೋವರ್ ಸ್ವಲ್ಪ ಹೊತ್ತು ಓಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬ್ಯಾಕ್ಟೀರಿಯಾ ಉಳಿಯುತ್ತದೆ, ಕರೆಂಟೂ ಒಂದಿಷ್ಟು ಉಳಿಯುತ್ತದೆ. ಬರೀ ಗಾಳಿ ಸಾಲದು, ಅವಕ್ಕೆ ಊಟವೂ ಬೇಕು. ಹಾಗಾಗಿ ವಾರಾಂತ್ಯದ ನೀರನ್ನು ಮೊದಲ ಟ್ಯಾಂಕಿನಲ್ಲಿ ಹಿಡಿದಿಟ್ಟು ವಾರವಿಡೀ ಸ್ವಲ್ಪ ಸ್ವಲ್ಪವೇ ಬಿಡುವ ಹಾಗೆ ಪಂಪ್ ಸೆಟ್ ಮಾಡುತ್ತೇವೆ. ಗುರುವಾರ ಬಂದರೆ ಜನ ಸೇರುವ ಮೊದಲೇ ಆ ಟ್ಯಾಂಕಿನಲ್ಲಿ ಜಾಗ ಇದೆಯಾ ಅಂತ ನೋಡಬಹುದು.

ನಡುವೆ ನೀವೇ ನೋಡಬೇಕೆಂದರೆ, ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಗಾಜಿನ ಜಾರ್‌ನಲ್ಲಿ ತೆಗೆದು 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಕೆಸರು ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಸರಿಯಿದೆ. ಕಪ್ಪಗಿದ್ದರೆ, ಕೆಸರು ಕೂರದಿದ್ದರೆ ತಕ್ಷಣ ಫೋನ್ ಮಾಡಿ, ಗುರುವಾರದವರೆಗೆ ಕಾಯಬೇಡಿ.

ನಮಗೆ ಇದು ಸುಮ್ನೆ ಮಿಷನ್ ರಿಪೇರಿ ವಿಷಯವಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರಿನ ಮೇಲೆ ಹಾದು ಹೇಮಾವತಿ ಸೇರುತ್ತದೆ. ಗುಡ್ಡದ ಮೇಲೆ ನಾವು ಬಿಟ್ಟ ನೀರು ಕೆಳಗಿನವರ ಹಳ್ಳಕ್ಕೇ ಇಳಿಯುವುದು.

ಟೈಮರ್ ಕೂರಿಸುವ ಹುಡುಗರು ಬರುವ ಮುಂಚೆ ಫೋನ್ ಮಾಡುತ್ತಾರೆ. ಬ್ಯಾಕ್ಟೀರಿಯಾ ಸಾಯದಿರಲು ಟಾಯ್ಲೆಟ್‌ಗೆ ಆಸಿಡ್, ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಬೇಡಿ ಅಂತ ರೂಮ್ ತೊಳೆಯುವವರಿಗೆ ದಯವಿಟ್ಟು ಈಗಲೇ ಹೇಳಿಡಿ.